ಉಪ್ಪು ಹಾಕಿದ ಮಜ್ಜಿಗೆ

ಸಮುದ್ರ ಕಾಣುತ್ತದೆಯೇ ಎಂದು ನೋಡಲು ರಾಮಕ್ಕ ಮಹಡಿಯ ಕಟಕಟೆಗೆ ಒರಗಿದಳು. ಕಟಕಟೆಯ ಮರಕ್ಕೆ ಹೊಸದಾಗಿ ನೀಲಿ ಬಣ್ಣ ಬಳಿದಿತ್ತು. ಬಣ್ಣದ ಕೆಳಗೆ ಗೆದ್ದಲು ತಿಂದುಳಿದ ಪುಡಿ ಮಾತ್ರ ಇತ್ತು. ಅದು ಸದ್ದಿಲ್ಲದೆ ಮುರಿಯಿತು. ರಾಮಕ್ಕ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದಳು. ಮರ ಮುರಿದದ್ದು ಕೇಳಿಸದಿದ್ದರೂ ಸೊಂಟದ ಮೂಳೆ ಮುರಿದದ್ದು ಮೇಲೆ ನಿಂತಿದ್ದ ಮಗಳು ಲಿಂಗಮ್ಮನಿಗೆ ಕೇಳಿಸಿತು. ಹಸಿ ಜಾಲಿಕೊಂಬೆ ಮುರಿದ ಹಾಗಿತ್ತು ಎಂದು ಅವಳು ಆಮೇಲೆ ಹೇಳಿದಳು.

ಬೆಂಗಳೂರಿನ ಅಂಚಿನ ಉಲ್ಲಾಳದ ರಾಮಕ್ಕನಿಗೆ ಅರವತ್ತು ದಾಟಿತ್ತು. ಅದುವರೆಗೆ ಸಮುದ್ರ ನೋಡಿರಲಿಲ್ಲ. ಆಗಲೂ ನೋಡಲಿಲ್ಲ.

ಇದು ೧೯೮೫ರ ಬೇಸಿಗೆಯಲ್ಲಿ ನಡೆದದ್ದು. ಬಿನ್ನಿಪೇಟೆ ಕಡೆಯ ಒಂದು ಬಟ್ಟೆ ಗಿರಣಿಯಲ್ಲಿ ಗುಮಾಸ್ತನಾಗಿದ್ದ ವೆಂಕಟರಮಣಪ್ಪ ರಜೆ ಹಾಕಿ ಹೆಂಡತಿ ಲಿಂಗಮ್ಮನನ್ನೂ ಅತ್ತೆ ರಾಮಕ್ಕನನ್ನೂ ಕರಾವಳಿಗೆ ಕರೆದುಕೊಂಡು ಹೋಗಿದ್ದ. ಅವನನ್ನು ಅಲ್ಲಿಗೆ ಕಳಿಸಿದ್ದು ವಿಜಯನಗರದ ಅವನ ಮನೆಯ ಹತ್ತಿರದ ಟಾಕೀಸಿನಲ್ಲಿ ಇಂಟರ್‌ವಲ್ ಹೊತ್ತಿಗೆ ತೋರಿಸುತ್ತಿದ್ದ ಒಂದು ಜಾಹೀರಾತಿನ ಸ್ಲೈಡು. ‘ಕಡಲಸಿರಿ ವಿಶ್ರಾಂತಿ ಗೃಹ. ಸಮುದ್ರಕ್ಕೆ ಮುಖ ಮಾಡಿದ ಮಹಡಿ ಕೋಣೆಗಳು. ಸದಾ ಬಿಸಿನೀರು. ಸಂಸಾರಸ್ಥರಿಗೆ ಮಾತ್ರ. ಹನುಮಯ್ಯ, ಕೆಂಗೇರಿ ಉಪನಗರ.’ ಅಕ್ಷರಗಳ ಹಿಂದೆ ಒಂದು ಬಿಳಿ ಕಟ್ಟಡ, ಅದರ ಬುಡಕ್ಕೇ ಬಂದು ಒಡೆಯುವ ಅಲೆ.

ಹನುಮಯ್ಯನಿಗೆ ಮೊದಲೇ ದುಡ್ಡು ಕಟ್ಟಿ, ಹೋಗಿ ನೋಡಿದರೆ ಅದು ಹಿಂದೆ ಮೀನು ತುಂಬಿಡುತ್ತಿದ್ದ ಗೋದಾಮು. ಮೇಲೆ ತಗಡು ಹೊದಿಸಿ ಕೋಣೆಗಳನ್ನು ಮಾಡಿದ್ದರು. ನೀರು ಬಾವಿಯಿಂದ ಸೇದಿಕೊಳ್ಳಬೇಕು. ಸಮುದ್ರ ತೆಂಗಿನ ತೋಪುಗಳ ಆಚೆ ಎಲ್ಲೋ ಇತ್ತು. ಮಹಡಿಯ ಮೂಲೆಗೆ ಹೋಗಿ ಕಟಕಟೆಯ ಮೇಲೆ ಮೈಚಾಚಿ ಬಲಕ್ಕೆ ಕತ್ತು ತಿರುಗಿಸಿದರೆ ಒಂದು ಬೆರಳಗಲ ಕಾಣುತ್ತದೆ ಎಂದು ಅಲ್ಲಿನ ಕಾವಲುಗಾರ ರಾಮಕ್ಕನಿಗೆ ಹೇಳಿದ್ದ.

ರಾಮಕ್ಕನನ್ನು ಬಾಡಿಗೆ ವ್ಯಾನಿನಲ್ಲಿ ಮಲಗಿಸಿ ಬೆಂಗಳೂರಿಗೆ ತಂದರು. ಆಸ್ಪತ್ರೆಯಲ್ಲಿ ಸೊಂಟದಿಂದ ಪಾದದವರೆಗೆ ಪಟ್ಟಿ ಹಾಕಿ, ಇನ್ನು ನಡೆದಾಡುವುದು ಅನುಮಾನ ಎಂದರು. ಅವಳನ್ನು ಉಲ್ಲಾಳದ ಮನೆಗೆ ತಂದು ಮಂಚದ ಮೇಲೆ ಮಲಗಿಸಿದ ದಿನ ಅವಳ ಮಗ ಮುನಿರಾಜು ಗೋಡೆಗೆ ಒರಗಿ ನಿಂತು ಭಾವ ವೆಂಕಟರಮಣಪ್ಪ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ಒಳಗೆ ಹೋಗಿ, ಸೂರಿಗೆ ಸಿಕ್ಕಿಸಿದ್ದ ಮಚ್ಚನ್ನು ಎಳೆದುಕೊಂಡು ಬಂದ.

ಮುನಿರಾಜು ಕಲ್ಲುಗಣಿಯ ಲಾರಿ ಡ್ರೈವರ್. ಹಿಂದಿನ ವರ್ಷ ರಸ್ತೆಯಲ್ಲಿ ಅಡ್ಡ ನಿಂತು ಬೈದ ಟೆಂಪೋದವನಿಗೆ ಒಂದೇ ಏಟು ಹಾಕಿದ್ದ. ಆ ಮನುಷ್ಯ ತಿಂಗಳುಗಟ್ಟಲೆ ಗಂಜಿಯನ್ನು ಕೊಳವೆಯಲ್ಲಿ ಕುಡಿದ. ಆ ಕೇಸಿನಲ್ಲಿ ಮುನಿರಾಜು ಮ್ಯಾಜಿಸ್ಟ್ರೇಟರ ಮುಂದೆ ಮುಚ್ಚಳಿಕೆ ಬರೆದುಕೊಟ್ಟಿದ್ದ. ಬರುವ ಸಂಕ್ರಾಂತಿಯೊಳಗೆ ಯಾರ ಮೇಲೆ ಕೈ ಎತ್ತಿದರೂ ನೇರ ಜೈಲು.

ಲಿಂಗಮ್ಮ ಬಾಗಿಲಿಗೆ ಅಡ್ಡ ಬಂದು ಮಚ್ಚಿನ ಅಲಗನ್ನೇ ಹಿಡಿದಳು.

“ಬಿಡೇ ಅಕ್ಕ.”

“ಬಿಡಲ್ಲ ಕಣೋ. ಎಳಿ. ನನ್ನ ಕೈ ತುಂಡಾಗ್ಲಿ, ಆಮೇಲೆ ಹೋಗು.”

“ನಮ್ಮವ್ವನ ಸೊಂಟ ಮುರಿದೋನು ಮಜವಾಗಿ ಓಡಾಡ್ಕೊಂಡಿರ್ಬೇಕಾ?”

ಅವನು ಎಳೆಯಲಿಲ್ಲ, ಅವಳು ಬಿಡಲಿಲ್ಲ. ಆದರೂ ಅವಳ ಅಂಗೈ ಕುಯ್ದು, ರಕ್ತ ಅಲಗಿನ ಮೇಲೆ ಹರಿದು ಅವನ ಮುಂಗೈಗೆ ಬಂತು. ಅದನ್ನು ನೋಡಿ ಅವನ ಹಿಡಿತ ಸಡಿಲವಾಯಿತು. ಮಚ್ಚು ಹೊಸಲಿನ ಮೇಲೆ ಬಿತ್ತು.

ಮಂಚದಿಂದ ರಾಮಕ್ಕ ಹೇಳಿದಳು: “ನಿನ್ನ ಜೈಲಿಗೆ ಹಾಕಿದ್ರೆ ನನ್ನ ಸೊಂಟ ಕೂಡ್ಕೊಳ್ಳುತ್ತೇನೋ ಮೂಳ? ಸುಳ್ಳು ಹೇಳಿ ಈಸ್ಕೊಂಡ ದುಡ್ಡು ಆ ಹನುಮಯ್ಯ ವಾಪಸ್ ಕೊಡ್ಲಿ. ಕೊಟ್ರೆ ತಪ್ಪು ಒಪ್ಕೊಂಡ ಹಾಗೆ. ಅಷ್ಟೇ ನಂಗೆ ಬೇಕಾಗಿರೋದು. ನೀನು ಕೈ ಎತ್ತಿದೆ ಅಂತ ಕೇಳಿದ್ರೆ ಅವತ್ತಿಂದ ಗಂಜಿ ಮುಟ್ಟಲ್ಲ ನಾನು.”

ಮುನಿರಾಜು ಭಾವನ ಕಡೆ ತಿರುಗಿದ. “ಭಾನುವಾರದವರೆಗೆ ಟೈಮ್ ಕೊಡ್ತೀನಿ ಭಾವ. ನೀವು ಓದಿದೋರು, ಹೋಗಿ ಮಾತಾಡಿ. ಆಗ್ಲಿಲ್ಲ ಅಂದ್ರೆ ಅವನ ಸೊಂಟ ನಂದು.”

ವೆಂಕಟರಮಣಪ್ಪ ಯಾರಿಗೂ ಹೊಡೆದವನಲ್ಲ. ಗಿರಣಿಯಲ್ಲಿ ಮುಷ್ಕರವಾದಾಗ ಕಲ್ಲು ತೂರಾಟದ ನಡುವೆ ಟಿಫನ್ ಕ್ಯಾರಿಯರ್ ಹಿಡಿದು ನಿಧಾನವಾಗಿ ನಡೆದುಹೋದವನು ಎಂದು ಅವನ ಜೊತೆಯವರು ನಗುತ್ತಿದ್ದರು. ಪರಿಚಯದ ವಕೀಲರನ್ನು ಕೇಳಿದ. ಸಿವಿಲ್ ದಾವೆ ಹಾಕಿ, ವರ್ಷಗಟ್ಟಲೆ ಓಡಾಡಿ ಎಂದರು. ಭಾನುವಾರದವರೆಗೆ ಮಾತ್ರ ಸಮಯವಿದ್ದವನಿಗೆ ಅದರಿಂದ ಉಪಯೋಗವಿರಲಿಲ್ಲ. ಗುರುವಾರ ಒಬ್ಬನೇ ಕೆಂಗೇರಿ ಉಪನಗರಕ್ಕೆ ಹೋದ.

ಹನುಮಯ್ಯನ ಆಫೀಸು ಎಂದರೆ ಅವನ ಮನೆಯ ಮುಂದಿನ ಕೋಣೆ. ಅಂಗಳದಲ್ಲಿ ವ್ಯಾನು ನಿಂತಿತ್ತು. ವೆಂಕಟರಮಣಪ್ಪ ಕುಳಿತುಕೊಳ್ಳುವ ಮೊದಲೇ ಹನುಮಯ್ಯನ ತಾಯಿ ಪಟಾಲಮ್ಮ ಒಳಗಿನಿಂದ ಹಿತ್ತಾಳೆ ಲೋಟದಲ್ಲಿ ಮಜ್ಜಿಗೆ ತಂದಳು.

“ಬಿಸಿಲಲ್ಲಿ ಬಂದಿದೀಯ, ಕುಡಿಯಪ್ಪ. ಉಪ್ಪು ಹಾಕಿದೀನಿ.”

ಅವನು ಕುಡಿದ. ಕುಡಿದ ಮೇಲೆ ದುಡ್ಡು ವಾಪಸ್ ಕೊಡಿ ಎಂದು ಮೆಲ್ಲಗೆ ಕೇಳಿದನೇ ಹೊರತು ದನಿ ಏರಿಸಲಾಗಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂಬುದು ಆ ಕಡೆಯ ಹಳೆಯ ಹಳ್ಳಿಗಳ ಒಕ್ಕಲು ಮನೆಗಳಲ್ಲಿ ಬರಿಯ ಗಾದೆಯಲ್ಲ. ಉಪ್ಪು ನಾಲಗೆಗೆ ಬಿದ್ದ ಮನೆಯಲ್ಲಿ ಜಗಳ ತೆಗೆಯುವುದಿಲ್ಲ, ಕೈ ಎತ್ತುವುದಿಲ್ಲ. ಜಗಳಕ್ಕೆ ಹೋಗುವವರು ಬಾಗಿಲಲ್ಲೇ ನಿಂತು ನೀರೂ ಮುಟ್ಟದೆ ಮಾತಾಡಿ ಬರುತ್ತಾರೆ. ವೆಂಕಟರಮಣಪ್ಪನ ತಾತ ಹಾಗೆ ಮಾಡಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಊರು ಬಿಟ್ಟು ಗಿರಣಿ ಸೇರಿದ ಮೇಲೆ ಮರೆತಿದ್ದ.

ಹನುಮಯ್ಯ ನಯವಾಗಿ ಕೇಳಿದ: “ಸಮುದ್ರ ಕಾಣುತ್ತೆ ಅಂತ ನಾನು ಯಾವಾಗ ಹೇಳಿದೆ ಸಾರ್? ಎಲ್ಲಾದ್ರೂ ಬರ್ಕೊಟ್ಟಿದೀನಾ? ಇದ್ರೆ ತೋರ್ಸಿ, ಈಗ್ಲೇ ವಾಪಸ್ ಕೊಡ್ತೀನಿ. ಅಮ್ಮಾ, ಸಾರ್‌ಗೆ ಇನ್ನೊಂದು ಲೋಟ.”

ಬಸ್‌ಸ್ಟಾಪಿನ ಬೀಡಾ ಅಂಗಡಿಯವನು ಅವನ ಮುಖ ನೋಡಿ ನಕ್ಕ. “ಮಜ್ಜಿಗೆ ಕುಡಿದ್ರಾ? ಹಂಗಾದ್ರೆ ಮುಗೀತು ಬಿಡಿ ಸಾರ್. ದುಡ್ಡು ಕೇಳೋಕೆ ಬರೋರೆಲ್ಲ ಅಲ್ಲೇ ಮಗುಚ್ಕೊಳ್ಳೋದು. ಆವಮ್ಮ ಒಳ್ಳೇ ಮನಸ್ಸಿಂದ್ಲೇ ಕೊಡುತ್ತೆ. ಮಗ ಅದನ್ನೇ ಬಂಡವಾಳ ಮಾಡ್ಕೊಂಡವನೆ.”

ವೆಂಕಟರಮಣಪ್ಪ ಬಸ್ಸಿನಲ್ಲಿ ಕೂತು ಯೋಚಿಸಿದ. ಮರುದಿನ ಟಾಕೀಸಿಗೆ ಹೋಗಿ ಪ್ರೊಜೆಕ್ಟರ್ ಕೋಣೆಯ ಆಪರೇಟರನಿಂದ ಸ್ಲೈಡನ್ನು ಕೇಳಿ ಪಡೆದ. ಅಂಗೈ ಅಗಲದ ಗಾಜು. ಬೆಳಕಿಗೆ ಹಿಡಿದರೆ ಬಿಳಿ ಕಟ್ಟಡ, ಅಲೆ, ಹನುಮಯ್ಯನ ಹೆಸರು ಎಲ್ಲ ಇತ್ತು. ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ.

ಭಾನುವಾರ ಮುನಿರಾಜು ಬಂದೇ ಬಂದ. ಬಿಟ್ಟುಹೋದರೆ ಹಿಂದಿನಿಂದ ಮಚ್ಚು ಹಿಡಿದು ಬರುತ್ತಾನೆ ಎಂದು ಗೊತ್ತಿದ್ದ ವೆಂಕಟರಮಣಪ್ಪ ಅವನನ್ನು ಜೊತೆಗೇ ಕರೆದುಕೊಂಡ. ಬಸ್ಸಿನಲ್ಲಿ ಹೇಳಿದ:

“ಅವರಮ್ಮ ಮಜ್ಜಿಗೆ ತರ್ತಾರೆ. ನೀನು ಕುಡೀಬೇಕು. ನಾನು ಕುಡಿಯಲ್ಲ.”

“ಇದ್ಯಾವ ಲೆಕ್ಕ ಭಾವ?”

“ಕುಡಿದ್ರೆ ನೀನು ಹೊಡೆಯೋ ಹಾಗಿಲ್ಲ. ಅವರ ಉಪ್ಪು ತಿಂದೋನ್ನ ಅವರೂ ಮುಟ್ಟೋ ಹಾಗಿಲ್ಲ. ನಾನು ಗುರುವಾರ ಕುಡಿದಿದ್ದರ ಕಟ್ಟು ಮೂರು ದಿನಕ್ಕೆ ಮುಗೀತು. ಇವತ್ತು ಕುಡಿಯದೇ ಇರೋನು ನಾನು, ನಾನು ಗಟ್ಟಿಯಾಗಿ ಮಾತಾಡ್ತೀನಿ. ನಿಮ್ಮವ್ವ ಕೇಳಿದ್ದೂ ಆಗುತ್ತೆ, ನಿನ್ನ ಮುಚ್ಚಳಿಕೆನೂ ಉಳಿಯುತ್ತೆ.”

ಮುನಿರಾಜು ಕಿಟಕಿಯಾಚೆ ನೋಡುತ್ತ ನಕ್ಕ. “ಹಗ್ಗ ಇಲ್ದೆ ಎತ್ತು ಕಟ್ತೀರಲ್ಲ ಭಾವ. ಆಯ್ತು, ಕುಡೀತೀನಿ.”

ಹನುಮಯ್ಯನ ಅಂಗಳದಲ್ಲಿ ಅವನ ಅಕ್ಕನ ಮಗ ವೆಂಕಟೇಶ ವ್ಯಾನಿನ ಚಕ್ರ ಬಿಚ್ಚುತ್ತಿದ್ದ. ಲಗೇಜು ಹೊರುವ ಇಬ್ಬರು ಆಳುಗಳು ನೆರಳಲ್ಲಿ ಕೂತು ಇಸ್ಪೀಟು ಆಡುತ್ತಿದ್ದರು. ಪಟಾಲಮ್ಮ ಎರಡು ಲೋಟ ತಂದಳು. ಮುನಿರಾಜು ಒಂದನ್ನು ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದು, “ಚೆನ್ನಾಗದೆ ಅವ್ವ” ಎಂದ. ವೆಂಕಟರಮಣಪ್ಪ ಹೊಸಲಿನ ಹೊರಗೇ ನಿಂತು ಕೈ ಮುಗಿದ.

“ನನಗೆ ಬೇಡಮ್ಮ.”

“ಯಾಕಪ್ಪ, ಮೊನ್ನೆ ಕುಡಿದ್ಯಲ್ಲ?”

“ಮೊನ್ನೆ ಕುಡಿದಿದ್ದೇ ತಪ್ಪಾಯ್ತು. ಇವತ್ತು ಮಾತು ಮುಗೀಲಿ.”

ಪಟಾಲಮ್ಮನ ಮುಖ ಬಾಡಿತು. ಅವಳಿಗೆ ಅದರ ಅರ್ಥ ಗೊತ್ತಿತ್ತು. ಅವಳು ಮಗನ ಕಡೆ ನೋಡಿದಳು. “ಇವರಿಗೇನೋ ಮಾಡಿದೀಯಾ ಹನುಮ?”

“ನೀನು ಒಳಗೆ ಹೋಗಮ್ಮ.”

ಅವಳು ಹೋಗಲಿಲ್ಲ. ವೆಂಕಟರಮಣಪ್ಪ ಕರವಸ್ತ್ರ ಬಿಚ್ಚಿ ಸ್ಲೈಡನ್ನು ಬಿಸಿಲಿಗೆ ಹಿಡಿದ. “ಬರ್ಕೊಟ್ಟಿದೀನಾ ಅಂದ್ರಲ್ಲ. ಸಮುದ್ರಕ್ಕೆ ಮುಖ ಮಾಡಿದ ಮಹಡಿ ಕೋಣೆಗಳು. ಓದ್ಕೊಳ್ಳಿ. ಈ ಅಲೆ ನಂಬಿ ಅರವತ್ತು ದಾಟಿದ ಹೆಂಗಸು ಬಗ್ಗಿ ನೋಡಿ ಸೊಂಟ ಮುರ್ಕೊಂಡಿದೆ. ತಪ್ಪಾಯ್ತು ಅಂತ ದುಡ್ಡು ವಾಪಸ್ ಇಡಿ. ಹೋಗ್ತೀವಿ.”

ಹನುಮಯ್ಯ ಸ್ಲೈಡಿನ ಕಡೆ ಕೈ ಚಾಚಿ ಹಿಂದಕ್ಕೆ ಎಳೆದುಕೊಂಡ. ಅವನಲ್ಲಿ ಎದ್ದು ಕಂಡದ್ದು ಕೋಪಕ್ಕಿಂತ ಗಾಬರಿ. ಆದರೆ ವ್ಯಾನಿನ ಬಳಿಯಿಂದ ವೆಂಕಟೇಶ ಎದ್ದು ಬಂದ. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಅವನಿಗೆ ಮಜ್ಜಿಗೆ ಬೇಡ ಎಂದದ್ದು ಒಂದೇ ರೀತಿ ಅರ್ಥವಾಗಿತ್ತು.

“ಏನ್ ಗುರು, ನಮ್ಮಜ್ಜಿ ಕೈಯಲ್ಲಿ ಕುಡಿಯಲ್ವಾ? ಮೈಲಿಗೆ ಆಗುತ್ತಾ? ನೀನ್ಯಾವ ದೊಡ್ಡ ಜಾತಿಯೋನಲೇ?”

“ಜಾತಿ ಮಾತಲ್ಲಪ್ಪ ಇದು—”

ವೆಂಕಟೇಶನ ಕೈಯಲ್ಲಿ ಜಾಕಿನ ಕಬ್ಬಿಣದ ರಾಡು ಇತ್ತು. ಅವನು ಅದನ್ನು ತಿರುಗಿಸಿ ವೆಂಕಟರಮಣಪ್ಪನ ಹೊಟ್ಟೆಗೆ ತಿವಿದ. ವೆಂಕಟರಮಣಪ್ಪ ಮಡಿಚಿಕೊಂಡು ಕುಕ್ಕರಿಸಿದ. ಸ್ಲೈಡನ್ನು ಬಿಡಲಿಲ್ಲ. ಎರಡನೇ ಏಟು ಅವನ ತಲೆಗೆ ಬರುತ್ತಿತ್ತು. ಮುನಿರಾಜು ನಡುವೆ ಬಂದ.

ಎಲ್ಲರೂ ಆ ಕ್ಷಣಕ್ಕೆ ಒಂದು ಹೆಜ್ಜೆ ಹಿಂದೆ ಸರಿದರು. ಅವನ ತೋಳು ನೋಡಿದ ಯಾರಾದರೂ ಸರಿಯುತ್ತಿದ್ದರು. ಆದರೆ ಮುನಿರಾಜು ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಭಾವನ ಮುಂದೆ ಗೋಡೆಯ ಹಾಗೆ ನಿಂತ.

“ಹೊಡೀಬೇಡಿ ಕಣ್ರಪ್ಪ. ನಿಮ್ಮನೆ ಉಪ್ಪು ತಿಂದಿದೀನಿ.”

ವೆಂಕಟೇಶ ಆಳುಗಳ ಕಡೆ ನೋಡಿದ. ಅವನಿಗೆ ನಗು ಬಂತು. “ಮಚ್ಚಾ, ಆಳು ನೋಡಿದ್ರೆ ಆನೆ, ಮಾತು ನೋಡು!” ರಾಡು ಮುನಿರಾಜುವಿನ ಬಲ ಭುಜದ ಮೇಲೆ ಬಿತ್ತು. ಮೂಳೆ ಒಳಗೆ ಜರುಗಿದ್ದು ಅಂಗಿಯ ಮೇಲಿನಿಂದಲೇ ಕಂಡಿತು. ಅವನು ಕದಲಲಿಲ್ಲ. ಆಳುಗಳಿಗೂ ಧೈರ್ಯ ಬಂತು. ಒಬ್ಬ ಸೈಕಲ್ ಚೈನು ತಂದ. ಚೈನು ಅವನ ಮುಖಕ್ಕೆ ಬೀಸಿದಾಗ ಕೆನ್ನೆ ಸೀಳಿ ಹಲ್ಲು ಕಾಣಿಸಿತು. ಮುನಿರಾಜು ಒಂದು ಸಲ ಬೆನ್ನ ಹಿಂದಿನ ಎಡಗೈಯನ್ನು ಮುಂದಕ್ಕೆ ತಂದ. ಮುಷ್ಟಿ ಕಟ್ಟಿದ್ದ ಆ ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಮತ್ತೆ ಹಿಂದಕ್ಕೆ ಹೋಯಿತು.

ನೆಲದಿಂದ ವೆಂಕಟರಮಣಪ್ಪ ಕೂಗಿದ: “ಹೊಡಿ ಮುನಿರಾಜ! ನಾನೇ ಹೇಳ್ತಾ ಇದೀನಿ, ಹೊಡಿ! ಹಾಳಾಗ್ಲಿ ಮುಚ್ಚಳಿಕೆ!”

“ಕುಡಿದ್ಬಿಟ್ಟಿದೀನಲ್ಲ ಭಾವ.” ಬಾಯಲ್ಲಿ ರಕ್ತ ತುಂಬಿದ್ದರಿಂದ ಮಾತು ಗೊಗ್ಗರವಾಗಿತ್ತು.

ಪಟಾಲಮ್ಮ ಲೋಟ ಎಸೆದು ಓಡಿ ಬಂದಳು. ಮೊಮ್ಮಗನ ಅಂಗಿ ಹಿಡಿದು ಜಗ್ಗಿದಳು. “ಉಂಡೋನು ಕಣ್ರೋ ಅವನು! ನನ್ನ ಕೈಯಲ್ಲಿ ಉಂಡೋನು! ನಿಮ್ಮ ಕೈ ಸೇದ್ಹೋಗ! ಹನುಮಾ, ನಿಲ್ಸೋ!”

ಹನುಮಯ್ಯ ನಿಲ್ಲಿಸಬಹುದಾಗಿತ್ತು. ಒಂದು ಮಾತು ಸಾಕಾಗಿತ್ತು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ನೋಡುತ್ತ ನಿಂತ. ವೆಂಕಟೇಶ ಅಜ್ಜಿಯನ್ನು ಮೊಣಕೈಯಿಂದ ನೂಕಿ, ಮತ್ತೆ ಅದೇ ಭುಜಕ್ಕೆ ಹೊಡೆದ. ಆಮೇಲೆ ತಲೆಗೆ. ಮುನಿರಾಜು ಮೊದಲು ಮೊಣಕಾಲ ಮೇಲೆ, ನಂತರ ಮುಖ ಅಡಿಯಾಗಿ ಬಿದ್ದ. ಬೀಳುವಾಗಲೂ ಅವನ ಎಡಗೈ ಬಲ ಮಣಿಕಟ್ಟನ್ನು ಹಿಡಿದುಕೊಂಡೇ ಇತ್ತು.

ಆ ಅಂಗಳದಲ್ಲಿ ಕೈ ಎತ್ತಬಾರದೆಂಬ ಕಟ್ಟು ಇಲ್ಲದಿದ್ದ ಹೊರಗಿನವನು ಒಬ್ಬನೇ. ವೆಂಕಟರಮಣಪ್ಪ ಎದ್ದ. ರಾಡು ಹಿಡಿದವನ ಕಡೆ ಅವನು ಹೋಗಲಿಲ್ಲ. ಹೊಸಲಿನ ಮೇಲೆ ನಿಂತಿದ್ದ ಹನುಮಯ್ಯನ ಬಳಿಗೆ ನೇರವಾಗಿ ನಡೆದು, ಕೈಯಲ್ಲಿದ್ದ ಗಾಜನ್ನು ಅವನ ಮುಖಕ್ಕೆ ಅಪ್ಪಳಿಸಿದ. ಗಾಜು ಒಡೆಯಿತು. ಉಳಿದ ಚೂರನ್ನು ಹಿಡಿದು ಮತ್ತೆ ಹೊಡೆದ. ಹನುಮಯ್ಯ ಕಿರುಚಿ ಕಣ್ಣು ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದ ರಕ್ತದ ಜೊತೆಗೆ ಬೇರೇನೋ ಇಳಿಯಿತು. ವೆಂಕಟರಮಣಪ್ಪ ಇನ್ನೂ ಹೊಡೆಯುತ್ತಿದ್ದ. ತನ್ನ ಅಂಗೈ ಮೂಳೆಯವರೆಗೆ ಕುಯ್ದದ್ದು ಅವನಿಗೆ ಗೊತ್ತಾಗಲಿಲ್ಲ. ಆಳುಗಳು ಅವನನ್ನು ಎಳೆದುಹಾಕಿ ತುಳಿಯಲು ಶುರುಮಾಡಿದಾಗ ಬೀದಿಯವರು ಸೇರಿದರು.

ಹನುಮಯ್ಯನ ಎಡಗಣ್ಣು ಹೋಯಿತು. ಮುನಿರಾಜುವಿಗೆ ತಲೆಬುರುಡೆ ಸೀಳಿತ್ತು, ಬಲ ಭುಜ ಮೂರು ಕಡೆ ಒಡೆದಿತ್ತು. ಪ್ರಜ್ಞೆ ಬಂದ ಮೇಲೆ ಪೊಲೀಸ್ ಇನ್‌ಸ್ಪೆಕ್ಟರು ಆಸ್ಪತ್ರೆಗೆ ಬಂದು ಅವನ ಎರಡೂ ಕೈ ಎತ್ತಿ ಬೆರಳ ಗೆಣ್ಣುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಗೀರೂ ಇರಲಿಲ್ಲ.

“ನೀನು ಹೊಡೀಲಿಲ್ಲ ಅಂದ್ರೆ ನಂಬ್ಬೇಕೇನೋ? ನಿನ್ನ ಹಿಸ್ಟರಿ ಸ್ಟೇಷನ್ನಲ್ಲಿದೆ.”

“ಇಲ್ಲ ಸಾರ್. ಮಜ್ಜಿಗೆ ಕುಡಿದಿದ್ದೆ.”

ಇನ್‌ಸ್ಪೆಕ್ಟರು ತಲೆಗೆ ಬಿದ್ದ ಏಟಿನ ಪರಿಣಾಮ ಎಂದುಕೊಂಡು ಹೊರಟರು. ಮುಚ್ಚಳಿಕೆ ಉಳಿಯಿತು. ವೆಂಕಟೇಶ ಮತ್ತು ಆಳುಗಳ ಮೇಲೆ ಒಂದು ಕೇಸು, ವೆಂಕಟರಮಣಪ್ಪನ ಮೇಲೆ ಇನ್ನೊಂದು ಕೇಸು ಆಯಿತು. ಗಿರಣಿ ಅವನನ್ನು ಅಮಾನತಿನಲ್ಲಿಟ್ಟಿತು. ಬೀದಿಯವರೆಲ್ಲ ತಡವಾಗಿ ಬಂದವರು. ಮೊದಲಿನಿಂದ ಕಂಡವಳು ಪಟಾಲಮ್ಮ ಒಬ್ಬಳೇ.

ಉಲ್ಲಾಳದಲ್ಲಿ ರಾಮಕ್ಕ ಕೇಳಿದ್ದು ಒಂದೇ: “ಕೈ ಎತ್ತಲಿಲ್ವಂತಾ?”

“ಇಲ್ಲವ್ವ,” ಎಂದಳು ಲಿಂಗಮ್ಮ. ರಾಮಕ್ಕ ಗಂಜಿ ಕುಡಿದಳು. ಲೋಟ ಕೆಳಗಿಟ್ಟ ಮೇಲೆ ಗೋಡೆಯ ಕಡೆ ತಿರುಗಿ ಬಾಯಿಗೆ ಸೆರಗು ತುರುಕಿಕೊಂಡಳು.

ಕೇಸು ವಿಚಾರಣೆಗೆ ಬಂದದ್ದು ಮರುವರ್ಷ. ಪಟಾಲಮ್ಮನ ಸಾಕ್ಷಿ ಇದ್ದದ್ದು ಒಂದು ಮಂಗಳವಾರ. ಹಿಂದಿನ ದಿನ ಬೆಳಿಗ್ಗೆ ಅವಳು ಕೆಂಗೇರಿಯಿಂದ ಬಸ್ಸು ಬದಲಾಯಿಸಿಕೊಂಡು ಒಬ್ಬಳೇ ಉಲ್ಲಾಳಕ್ಕೆ ಬಂದಳು. ಜಗಲಿಯ ಮೇಲೆ ಜಾಮೀನಿನ ಮೇಲಿದ್ದ ವೆಂಕಟರಮಣಪ್ಪ ಕೂತಿದ್ದ. ಅವನು ಎದ್ದು ನಿಂತ. ಅವಳು ಹೊಸಲು ದಾಟಲಿಲ್ಲ. ಸೆರಗಿನ ಗಂಟು ಬಿಚ್ಚಿ, ಹೊರಗಿನಿಂದಲೇ ಬಗ್ಗಿ, ನೋಟುಗಳನ್ನು ಒಳಗಿನ ನೆಲದ ಮೇಲೆ ಇಟ್ಟಳು. ಮಂಚದ ಮೇಲಿದ್ದ ರಾಮಕ್ಕನಿಗೆ ಕಾಣುವ ಹಾಗೆ ಇಟ್ಟಳು.

“ನೀವು ಕೊಟ್ಟಿದ್ದು ಕಣಮ್ಮ. ನನ್ನ ಓಲೆ ಮಾರಿ ತಂದೆ. ಅವನು ಕೊಡಲ್ಲ. ತಪ್ಪಾಯ್ತು.”

ರಾಮಕ್ಕ ಆ ನೋಟುಗಳನ್ನು ನೋಡಿದಳು. “ನಾನು ಕೇಳಿದ್ದು ಇಷ್ಟೇ ಇತ್ತು,” ಎಂದಳು. “ಲಿಂಗಮ್ಮ, ಆವಮ್ಮನಿಗೆ ಮಜ್ಜಿಗೆ ಕೊಡೇ.”

ಲಿಂಗಮ್ಮ ಲೋಟ ತಂದಳು. ಪಟಾಲಮ್ಮನ ತುಟಿ ಒಣಗಿತ್ತು. ಅವಳ ಕೈ ಲೋಟದವರೆಗೆ ಬಂದು ನಿಂತಿತು.

“ಬೇಡ ಕಣವ್ವ. ನಾಳೆ ಕೋರ್ಟಲ್ಲಿ ಹೇಳ್ಬೇಕು. ಉಂಡ ಮನೆಯೋರೇ, ಕೈ ಎತ್ತದೆ ನಿಂತಿದ್ದೋನ್ನ ಹೊಡೆದ್ರು ಅಂತಾನೂ ಹೇಳ್ತೀನಿ. ನಿನ್ನ ಗಂಡ ನನ್ನ ಮಗನ ಕಣ್ಣು ಕಿತ್ತ ಅಂತಾನೂ ಹೇಳ್ತೀನಿ. ಎರಡೂ ಕಂಡಿದೀನಿ.” ಅವಳು ವೆಂಕಟರಮಣಪ್ಪನ ಕಡೆ ತಿರುಗಿದಳು. “ಅವತ್ತು ನೀನು ಕುಡೀದೆ ಇದ್ದಿದ್ದು ನಂಗೇನೂ ಬೇಜಾರಿಲ್ಲಪ್ಪ.”

ವೆಂಕಟರಮಣಪ್ಪ ತಲೆಯಾಡಿಸಿದ. ಅವಳು ಹಾಗೆ ಹೇಳಿದರೆ ತನಗೆ ಜೈಲು ಎಂದು ಅವನಿಗೆ ವಕೀಲರು ಹೇಳಿದ್ದರು. “ಎರಡೂ ಹೇಳಿ ಅಮ್ಮ,” ಎಂದ.

ಪಟಾಲಮ್ಮ ತಿರುಗಿ ಹೊರಟಳು. ಹಿತ್ತಲಿನಲ್ಲಿದ್ದ ಮುನಿರಾಜು ಅವಳ ದನಿ ಕೇಳಿ ಮುಂದಕ್ಕೆ ಬಂದಿದ್ದ. ಅವಳು ಅವನ ಕೆನ್ನೆಯ ಗಾಯದ ಗುರುತು ನೋಡಿ ನಿಂತಳು. ಅವನು ಚಪ್ಪಲಿ ಮೆಟ್ಟಿಕೊಂಡ.

“ಬಾವಿ ದಾಟಿದ ಮೇಲೆ ನಾಯಿಗಳವೆ ಅವ್ವ. ಬನ್ನಿ, ಬಸ್ ಹತ್ತಿಸ್ತೀನಿ.”

ಇಬ್ಬರೂ ಬಿಸಿಲಲ್ಲಿ ನಡೆದರು. ಸ್ಟಾಪಿನಲ್ಲಿ ಬೇರೆ ಯಾರೂ ಇರಲಿಲ್ಲ. ಬಸ್ಸು ತಿರುವಿನಲ್ಲಿ ಕಾಣಿಸಿತು. ಯಾರೂ ಕೈ ತೋರಿಸದಿದ್ದರೆ ಡ್ರೈವರುಗಳು ಅಲ್ಲಿ ನಿಲ್ಲಿಸುವುದಿಲ್ಲ. ಮುನಿರಾಜು ರಸ್ತೆಗೆ ಇಳಿದು ಅಭ್ಯಾಸದಂತೆ ಬಲಗೈ ಎತ್ತಿದ. ಅದು ಎದೆಯವರೆಗೆ ಬಂದು ನಿಂತಿತು. ಅವನು ಎಡಗೈ ಎತ್ತಿದ. ಬಸ್ಸು ನಿಂತಿತು.